ಕರಗಿಹೋಗುವ ಕೃತಕ ರಕ್ತನಾಳ

ನಾರಾಯಣಪೇಟೆ, ಗದ್ವಾಲಗಳ ಮಗ್ಗದ ಕೀರ್ತಿ ಸರ್ವವಿದಿತವಾದುದು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಬೆಸೆದು ಒಂದೇ ಸೀರೆಯಾಗಿಸುವ ಜಾಣ್ಮೆ ಗದ್ವಾಲದ ನೇಕಾರರದು. ಬಟ್ಟೆಯನ್ನು ಮೈಮೇಲೆ ಉಡುವುದನ್ನು ನಾವೆಲ್ಲರೂ ಬಲ್ಲೆವು. ಮೈಯೊಳಗೆ, ರಕ್ತ ಹರಿಯುವ ನಾಳದ ಸ್ಥಾನದಲ್ಲಿಯೂ ಅದನ್ನು ಇರಿಸಬಹುದೆಂಬುದು ಎಲ್ಲರೂ ಅರಿತ ಸಂಗತಿಯಲ್ಲ. ಆ ವಿದ್ಯೆ ಎಲ್ಲಿಯವರೆಗೆ ಬಂದಿದೆ, ಈಗ ಯಾವ ದಾರಿ ಹಿಡಿದಿದೆ ಎಂಬುದನ್ನು ವಾಚಕರಿಗೂ ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಹೃದಯದ ಸ್ನಾಯುವಿಗೆ ರಕ್ತವನ್ನೊದಗಿಸುವ ಅಪಧಮನಿಗಳ ಒಳವ್ಯಾಸ ಸುಮಾರು ೩–೪ ಮಿಲಿಮೀಟರು ಮಾತ್ರ. ಅವು ಮುಚ್ಚಿದರೆ ಹೃದಯಾಘಾತ. ಮಧುಮೇಹಿಗಳಲ್ಲಿ ಮೊಣಕಾಲಿನ ಕೆಳಗಿನ ನಾಳಗಳು ಮುಚ್ಚಿ, ಪಾದ ಕೊಳೆತು, ಕಾಲನ್ನೇ ತೆಗೆಯಬೇಕಾಗುವುದೂ ಉಂಟು. ಇಂಥಲ್ಲಿ ವೈದ್ಯರು ರೋಗಿಯ ಕಾಲಿನ ಅಭಿಧಮನಿಯ ತುಂಡನ್ನು ತೆಗೆದು, ಅಡ್ಡಿಯನ್ನು ಬಳಸಿ ಹೋಗುವ ಹೊಸ ದಾರಿಯೊಂದನ್ನು ಕಟ್ಟುತ್ತಾರೆ. ಆದರೆ ಕೆಲವರ ಕಾಲಿನ ಅಭಿಧಮನಿಗಳು ಉಬ್ಬಿ ತಿರುಚಿಕೊಂಡಿರುತ್ತವೆ. ಕೆಲವರಲ್ಲಿ ಅವು ಹಿಂದಿನ ಶಸ್ತ್ರಚಿಕಿತ್ಸೆಗೇ ವೆಚ್ಚವಾಗಿರುತ್ತವೆ. ಅವರಿಗೆ ಹೊರಗಿನಿಂದ ತಂದ ನಾಳವೇ ಗತಿ.

೧೯೪೭ರಲ್ಲಿ ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್ ಎಂಬ ತರುಣ ವೈದ್ಯನು ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ಹೊಲಿಗೆಯ ಎಳೆಯೊಂದನ್ನು ಕೆಲವು ತಿಂಗಳ ತರುವಾಯ ನೋಡಿದನು. ಅದರ ಮೇಲೆ ಹೊಳೆಯುವ ತೆಳುಪದರವೊಂದು ಬೆಳೆದಿತ್ತು. ಎಳೆಯ ಮೇಲೆ ಬೆಳೆಯುವ ಪದರ ಬಟ್ಟೆಯ ಮೇಲೆ ಏಕೆ ಬೆಳೆಯಬಾರದು? ಈ ಪ್ರಶ್ನೆಯಿಂದ, ವಿನ್ಯಾನ್ ಎಂಬ ಕೃತಕ ನೂಲಿನ ಬಟ್ಟೆಯ ಕೊಳವೆಗಳನ್ನು ನಾಯಿಗಳಲ್ಲಿ ಕೂಡಿಸಿದ ಪ್ರಯೋಗ ೧೯೫೨ರಲ್ಲಿ ಪ್ರಕಟವಾಯಿತು. ಬಳಿಕ ಬಂದ ಡೇಕ್ರಾನ್ ಬಟ್ಟೆಯ ನಾಳಗಳು ಹೊಟ್ಟೆಯ ಮಹಾಪಧಮನಿಯಂಥ ಅಗಲವಾದ ನಾಳಗಳ ಸ್ಥಾನದಲ್ಲಿ ಚೆನ್ನಾಗಿಯೇ ನಡೆದಿವೆ. ಆದರೆ ವ್ಯಾಸವು ೬ ಮಿಲಿಮೀಟರಿಗಿಂತ ಕಡಿಮೆಯಾದರೆ ಅವು ಬಹುಬೇಗ ಮುಚ್ಚಿಕೊಳ್ಳುತ್ತವೆ.

ಇದೇಕೆ? ಕೃಷ್ಣೆಯಂಥ ದೊಡ್ಡ ಹೊಳೆಯಲ್ಲಿ ಒಂದಿಷ್ಟು ಹೂಳು ಕುಳಿತರೂ ಹರಿವು ನಿಲ್ಲದು. ಹೊಲದ ಕಾಲುವೆಯಲ್ಲಿ ಅಷ್ಟೇ ಹೂಳು ನೀರನ್ನು ಕಟ್ಟಿಬಿಡುವುದು. ರಕ್ತವು ಪರಕೀಯ ವಸ್ತುವನ್ನು ಮುಟ್ಟಿದೊಡನೆ ಅದರಲ್ಲಿನ ಪ್ರೋಟೀನುಗಳು ಆ ವಸ್ತುವಿಗೆ ಅಂಟುತ್ತವೆ. ಅವುಗಳ ಮೇಲೆ ಪ್ಲೇಟ್‌ಲೆಟ್ಟುಗಳೆಂಬ ಕಣಗಳು ಕೂಡುತ್ತವೆ. ಫೈಬ್ರಿನ್ ಎಂಬ ಎಳೆಗಳ ಬಲೆ ಹರಡಿ ರಕ್ತ ಹೆಪ್ಪುಗಟ್ಟುತ್ತದೆ. ಸಹಜ ನಾಳದಲ್ಲಿ ಹೀಗಾಗದಿರುವುದಕ್ಕೆ ಅದರ ನುಣುಪೊಂದೇ ಕಾರಣವಲ್ಲ. ಒಳಗೋಡೆಗೆ ಹಾಸಿದ ಒಂದೇ ಪದರ ಜೀವಕೋಶಗಳು ನೈಟ್ರಿಕ್ ಆಕ್ಸೈಡ್, ಪ್ರೋಸ್ಟಸೈಕ್ಲಿನ್ ಮೊದಲಾದ ದ್ರವ್ಯಗಳನ್ನು ಎಡೆಬಿಡದೆ ಸ್ರವಿಸಿ ಹೆಪ್ಪನ್ನು ದೂರವಿಡುತ್ತವೆ. ಎಂದರೆ ಕಿರಿಯ ನಾಳವನ್ನು ತೆರೆದಿಡುವುದು ಜೀವಂತವಾದ ಕಾವಲು. ಆ ಕಾವಲಿಲ್ಲದ ಬಟ್ಟೆ ಎಷ್ಟು ನಯವಾಗಿದ್ದರೂ ಸಾಲದು.

ಆದುದರಿಂದ ವಿಜ್ಞಾನಿಗಳು ಬೇರೊಂದು ಉಪಾಯವನ್ನು ಹಿಡಿದಿರುವರು. ಕಲ್ಲಿನ ಕಮಾನನ್ನು ಕಟ್ಟುವಾಗ ಕೆಳಗೆ ಮರದ ಆಧಾರ ಕೊಟ್ಟು, ಗಾರೆ ಬಲಿತ ಮೇಲೆ ಅದನ್ನು ತೆಗೆಯುವರಷ್ಟೆ. ಅಂತೆಯೇ ದೇಹದಲ್ಲಿ ಮೆಲ್ಲಮೆಲ್ಲನೆ ಕರಗುವ ವಸ್ತುವಿನಿಂದ ರಂಧ್ರಮಯವಾದ ಕೊಳವೆ ಮಾಡಿದರೆ, ದೇಹದ ಜೀವಕೋಶಗಳು ಅದರೊಳಗೆ ಹೊಕ್ಕು ತಮ್ಮ ಗೋಡೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಒಳಪದರ ಬೆಳೆಯುವವರೆಗೆ ಹೆಪ್ಪು ತಡೆಯಲು ಹೆಪಾರಿನ್ ಎಂಬ ಔಷಧವನ್ನು ಕೊಳವೆಯ ಒಳಮೈಗೆ ಬೆಸೆಯುವುದುಂಟು. ಇಲ್ಲಿ ವೇಳೆಯೇ ಮುಖ್ಯ. ಆಧಾರ ಬೇಗ ಕರಗಿದರೆ ನಾಳ ಉಬ್ಬಿ ಒಡೆಯಬಹುದು. ತಡವಾದರೆ ಉರಿಯೂತದಿಂದ ಗೋಡೆ ದಪ್ಪವಾಗಿ ದಾರಿ ಮುಚ್ಚಬಹುದು.

ಇದು ಕೇವಲ ಕಲ್ಪನೆಯಲ್ಲ. ೨೦೦೦ದಲ್ಲಿ ಜಪಾನಿನ ತೋಶಿಹಾರು ಶಿನೋಕಾ ಮತ್ತು ಸಂಗಡಿಗರು ೪ ವರ್ಷದ ಬಾಲಿಕೆಯೊಬ್ಬಳ ಶ್ವಾಸಕೋಶದ ಅಪಧಮನಿಯ ಜಾಗದಲ್ಲಿ, ಅವಳದೇ ಜೀವಕೋಶಗಳನ್ನು ಬಿತ್ತಿದ ಕರಗುವ ಕೊಳವೆಯನ್ನಿಟ್ಟು ಯಶಸ್ಸು ಪಡೆದರು. ಅಮೆರಿಕದ ಲಾರಾ ನಿಕ್ಲಾಸನ್ ಅವರು ಕರಗುವ ನೂಲಿನ ಮೇಲೆ ಪ್ರಯೋಗಶಾಲೆಯಲ್ಲಿಯೇ ನಾಳ ಬೆಳೆಸುವ ಕ್ರಮವನ್ನು ೧೯೯೯ರಲ್ಲಿ ಪ್ರಕಟಿಸಿದರು. ಆ ಮಾರ್ಗದಲ್ಲಿ ಸಿದ್ಧವಾದ ೬ ಮಿಲಿಮೀಟರು ವ್ಯಾಸದ ನಾಳಕ್ಕೆ, ಕೈಕಾಲುಗಳ ರಕ್ತನಾಳ ಹರಿದ ಗಾಯಾಳುಗಳಲ್ಲಿ ಬಳಸಲು ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರದ ಒಪ್ಪಿಗೆ ದೊರೆಯಿತು. ಹೃದಯದ ಕಿರುನಾಳಗಳಿಗೆ ಅಂಥ ಒಪ್ಪಿಗೆ ಇನ್ನೂ ದೂರದಲ್ಲಿದೆ.

ನಮ್ಮ ಸೀಮೆಗೆ ಪರಿಚಿತವಾದ ರೇಷ್ಮೆಯೂ ಈ ಕಾರ್ಯಕ್ಕೆ ಬಂದಿದೆ. ಅಂಟನ್ನು ಬಿಡಿಸಿದ ರೇಷ್ಮೆಯ ಪ್ರೋಟೀನು ಬಲವುಳ್ಳದ್ದು, ನಿಧಾನವಾಗಿ ಕರಗುವಂಥದು. ೧.೫ ಮಿಲಿಮೀಟರಿನ ರೇಷ್ಮೆ ನಾಳಗಳು ಇಲಿಗಳಲ್ಲಿ ವರ್ಷದ ಮೇಲೂ ಬಹುಪಾಲು ತೆರೆದಿದ್ದವೆಂದು ಜಪಾನಿನ ಸಂಶೋಧಕರು ೨೦೧೦ರಲ್ಲಿ ವರದಿ ಮಾಡಿದರು. ಗುವಾಹಾಟಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯವರು ಅಮೆರಿಕದ ಪಿಟ್ಸ್‌ಬರ್ಗಿನವರೊಡನೆ ಕೂಡಿ ಹಿಪ್ಪುನೇರಳೆ ರೇಷ್ಮೆ, ಅಸ್ಸಾಮಿನ ಕಾಡುರೇಷ್ಮೆಗಳಿಂದ ಮಾಡಿದ ನಾಳಗಳನ್ನು ಇಲಿಗಳಲ್ಲಿ ಪರೀಕ್ಷಿಸಿ ೨೦೨೦ರಲ್ಲಿ ಫಲಿತಾಂಶ ಪ್ರಕಟಿಸಿದರು. ಆದರೆ ಇಲಿಯಲ್ಲಿ ಒಳಪದರ ಬೇಗ ಹಬ್ಬುತ್ತದೆ. ಮನುಷ್ಯನಲ್ಲಿ ಅದು ಹೊಲಿಗೆಯ ಅಂಚಿನಿಂದ ಒಂದೆರಡು ಸೆಂಟಿಮೀಟರಿನಾಚೆಗೆ ಹಬ್ಬುವುದೇ ಕಷ್ಟ. ಆದಕಾರಣ ಇಲಿಯ ಗೆಲುವನ್ನು ಮನುಷ್ಯನ ಗೆಲುವೆಂದು ಭಾವಿಸಲಾಗದು.

ಹುಟ್ಟಿನೊಡನೆ ಬಂದ ಆ ಒಳಪದರಕ್ಕೆ ಸಮನಾದುದನ್ನು ಮನುಷ್ಯನ ಕೈ ಇನ್ನೂ ನೇಯ್ದಿಲ್ಲ. ಬೀಡಿಯ ಹೊಗೆ, ಹತೋಟಿ ತಪ್ಪಿದ ಸಕ್ಕರೆಯ ರೋಗ, ರಕ್ತದ ಏರೊತ್ತಡ ಇವು ಕೆಡಿಸುವುದು ಅದನ್ನೇ. ಇರುವುದನ್ನು ಕಾಪಾಡಿಕೊಳ್ಳುವುದು ಹಿರಿಯರಾದ ನಮ್ಮ ಕರ್ತವ್ಯ. ಇಲ್ಲದುದನ್ನು ಕಟ್ಟುವ ಕೆಲಸಕ್ಕೆ ನೂಲಿನ ಜ್ಞಾನ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರೂ ಬೇಕು. ಮೊದಲನೆಯದು ನಮ್ಮ ನೇಕಾರರ ಮನೆಯ ಮಕ್ಕಳಿಗೆ ಮಗ್ಗದ ಬಳಿಯೇ ದೊರೆತಿದೆ. ಉಳಿದೆರಡನ್ನು ಒದಗಿಸುವುದು ಶಾಲೆಯ ಹೊಣೆ.