ದ್ರೋಣ: ಬಿಲ್ವಿದ್ಯೆಯ ಗುರುವಿನ ಹಿರಿಮೆ ಮತ್ತು ಮಿತಿ

ಭಾರತೀಯ ಕಥನ ಪರಂಪರೆಯಲ್ಲಿ ಶಸ್ತ್ರವಿದ್ಯೆಯ ಗುರುಗಳು ಹಲವರಿದ್ದಾರೆ. ಪರಶುರಾಮನು ಬಿಲ್ವಿದ್ಯೆಗೆ, ಬಲರಾಮನು ಗದಾವಿದ್ಯೆಗೆ ಹೆಸರಾದವರು. ಆದರೆ ಗುರುತನವನ್ನೇ ಬದುಕಿನ ಕೇಂದ್ರವಾಗಿಸಿಕೊಂಡು, ಅದರಿಂದಲೇ ಏರಿ, ಅದರಿಂದಲೇ ಬಿದ್ದ ಪಾತ್ರವೆಂದರೆ ದ್ರೋಣನದು. ಈ ಪಾತ್ರವನ್ನು ಕುರಿತು ನಮ್ಮಲ್ಲಿ ಎರಡು ನಿಲುವುಗಳು ಬೇರೂರಿವೆ. ಒಂದು, ದ್ರೋಣನನ್ನು ಆದರ್ಶ ಆಚಾರ್ಯನೆಂದು ಆರಾಧಿಸುವುದು. ಇನ್ನೊಂದು, ಏಕಲವ್ಯನ ಹೆಬ್ಬೆರಳನ್ನು ಕೇಳಿದವನೆಂದು ಸಾರಾಸಗಟಾಗಿ ನಿರಾಕರಿಸುವುದು. ಮೊದಲನೆಯದು ಹೆಬ್ಬೆರಳನ್ನು ಮರೆಯುತ್ತದೆ. ಎರಡನೆಯದು ಅಂಥ ಗುರು ಅಂಥ ಶಿಷ್ಯರನ್ನು ಹೇಗೆ ರೂಪಿಸಿದನೆಂಬುದನ್ನು ವಿವರಿಸದೆ ಬಿಡುತ್ತದೆ. ದ್ರೋಣನ ಗುಣ ಮತ್ತು ದೋಷಗಳು ಒಂದೇ ಬೇರಿನಿಂದ ಹುಟ್ಟಿದವೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

1. ಕಲಿಸುವ ಬಗೆ

ವ್ಯಾಸಭಾರತದ ಆದಿಪರ್ವದಲ್ಲಿ ದ್ರೋಣನ ಬೋಧನಕ್ರಮವನ್ನು ತಿಳಿಸುವ ಹಲವು ಸಣ್ಣ ಪ್ರಸಂಗಗಳಿವೆ. ಮರದ ತುದಿಯಲ್ಲಿ ಕೃತಕ ಹಕ್ಕಿಯೊಂದನ್ನಿಟ್ಟು ಶಿಷ್ಯರನ್ನು ಪರೀಕ್ಷಿಸಿದ ಪ್ರಸಂಗ ಎಲ್ಲರಿಗೂ ಪರಿಚಿತ. ಬಾಣ ಬಿಡುವ ಮೊದಲೇ ದ್ರೋಣನು ಪ್ರಶ್ನೆ ಕೇಳುತ್ತಾನೆ. ಮರವನ್ನೂ ಗುರುವನ್ನೂ ತಮ್ಮಂದಿರನ್ನೂ ಕಂಡೆನೆಂದ ಯುಧಿಷ್ಠಿರನು ಅನರ್ಹನಾಗುತ್ತಾನೆ. ಹಕ್ಕಿಯ ತಲೆಯನ್ನಷ್ಟೇ ಕಂಡೆನೆಂದ ಅರ್ಜುನನು ಗೆಲ್ಲುತ್ತಾನೆ. ಕೈಗಿಂತ ಮೊದಲು ಕಣ್ಣನ್ನು, ಕಣ್ಣಿಗಿಂತ ಮೊದಲು ಮನಸ್ಸನ್ನು ಪಳಗಿಸಬೇಕೆಂಬ ಅರಿವು ಇಲ್ಲಿದೆ. ದೀಪ ಆರಿದ ಮೇಲೂ ಉಣ್ಣುವ ಕೈ ಬಾಯಿಗೇ ಹೋಗುವುದನ್ನು ಗಮನಿಸಿದ ಅರ್ಜುನನು ರಾತ್ರಿಯಲ್ಲೂ ಬಿಲ್ಲಿನ ಅಭ್ಯಾಸಕ್ಕೆ ತೊಡಗಿದಾಗ, ಹೆದೆಯ ಸದ್ದು ಕೇಳಿ ಎದ್ದುಬಂದ ದ್ರೋಣನು ಅವನನ್ನು ಅಪ್ಪಿಕೊಳ್ಳುತ್ತಾನೆ. ತಾನು ಹೇಳಿಕೊಡದೆ ಶಿಷ್ಯನೇ ಕಂಡುಕೊಂಡದ್ದಕ್ಕೆ ಸಂತೋಷಪಡುವ ಗುರು ಅವನು.

ಜನಪದ ಕಥೆಗಳೊಡನೆ ಹೋಲಿಸಿದಾಗ ದ್ರೋಣನ ಇನ್ನೊಂದು ಹಿರಿಮೆ ಸ್ಪಷ್ಟವಾಗುತ್ತದೆ. ಹುಲಿಗೆ ಬೇಟೆಯ ವಿದ್ಯೆಯನ್ನೆಲ್ಲ ಕಲಿಸಿದ ಬೆಕ್ಕು ಮರ ಹತ್ತುವುದನ್ನು ಮಾತ್ರ ಕಲಿಸಲಿಲ್ಲ ಎಂಬ ಕಥೆ ನಮ್ಮ ದೇಶದಲ್ಲಿ ವ್ಯಾಪಕವಾಗಿ ಪ್ರಚಲಿತವಾಗಿದೆ. 1258ರಲ್ಲಿ ರಚಿತವಾದ ಸಾದಿಯ ‘ಗುಲಿಸ್ತಾನ್’ ಕೃತಿಯಲ್ಲಿ 360 ಪಟ್ಟುಗಳನ್ನು ಬಲ್ಲ ಕುಸ್ತಿಯ ಗುರುವೊಬ್ಬನು 359ನ್ನು ಕಲಿಸಿ, ಉಳಿಸಿಕೊಂಡ ಒಂದೇ ಪಟ್ಟಿನಿಂದ ಸೊಕ್ಕಿದ ಶಿಷ್ಯನನ್ನು ಕೆಡವುತ್ತಾನೆ. ಇಂಥ ಕಥೆಗಳ ಗುರು ತನ್ನ ರಕ್ಷಣೆಗಾಗಿ ಒಂದನ್ನು ಬಚ್ಚಿಡುತ್ತಾನೆ. ದ್ರೋಣನಾದರೋ ತನ್ನ ವಧೆಗೆಂದೇ ಯಜ್ಞಕುಂಡದಿಂದ ಹುಟ್ಟಿಬಂದ ಧೃಷ್ಟದ್ಯುಮ್ನನನ್ನು ಮನೆಗೆ ಕರೆತಂದು ಅಸ್ತ್ರವಿದ್ಯೆ ಕಲಿಸಿದನು. ಪ್ರಾಣಭಯಕ್ಕೆ ವಿದ್ಯೆಯನ್ನು ಬಚ್ಚಿಡುವ ಅಲ್ಪತನ ಅವನಲ್ಲಿ ಇರಲಿಲ್ಲ. ಹಾಗಾದರೆ ನಿಷಾದ ಬಾಲಕನ ವಿಷಯದಲ್ಲಿ ಈ ಔದಾರ್ಯ ಎಲ್ಲಿ ಹೋಯಿತು?

2. ಮಾತು ಕೊಟ್ಟ ಶಿಷ್ಯ

ಇದಕ್ಕೆ ಉತ್ತರವನ್ನು ದ್ರೋಣನ ಬಡತನದಲ್ಲಿ ಹುಡುಕಬೇಕಾಗುತ್ತದೆ. ಹಾಲಿಗಾಗಿ ಅತ್ತ ಅಶ್ವತ್ಥಾಮನಿಗೆ ಇತರ ಬಾಲಕರು ಹಿಟ್ಟು ಕಲಸಿದ ನೀರು ಕುಡಿಸಿದರು. ಅದನ್ನೇ ಹಾಲೆಂದು ನಂಬಿ ಮಗು ಕುಣಿಯಿತು. ಆ ನೋವಿನಿಂದ ಬಾಲ್ಯದ ಗೆಳೆಯ ದ್ರುಪದನ ಬಳಿಗೆ ಹೋದ ದ್ರೋಣನು ಅವಮಾನಿತನಾಗಿ ಹಿಂದಿರುಗಿದನು. ಕ್ರಿ.ಶ. 941ರ ಸುಮಾರಿಗೆ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಸಿರಿಯ ಮದವನ್ನು ಬಯಲಿಗೆಳೆಯುವ ಈ ಸನ್ನಿವೇಶಕ್ಕೆ ವಿಶೇಷ ತೀಕ್ಷ್ಣತೆಯಿದೆ. ಅಲ್ಲಿ ದ್ರೋಣನು, ತನ್ನ ಶಿಷ್ಯರಿಂದಲೇ ದ್ರುಪದನನ್ನು ಕಟ್ಟಿಸುವೆನೆಂದು ಶಪಥ ಮಾಡುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಿಷ್ಯರು ಯಾರೆಂದು ಗೊತ್ತಾಗುವ ಮೊದಲೇ ಅವರು ಮಾಡಬೇಕಾದ ಕೆಲಸ ನಿಶ್ಚಯವಾಗಿತ್ತು.

ಹಸ್ತಿನಾವತಿಯಲ್ಲಿ ಪಾಠ ಆರಂಭಿಸುವ ಮುನ್ನ ದ್ರೋಣನು, ತನ್ನ ಮನಸ್ಸಿನಲ್ಲಿ ಒಂದು ಬಯಕೆಯಿದೆ, ವಿದ್ಯೆ ಕಲಿತ ಮೇಲೆ ಅದನ್ನು ನಡೆಸಿಕೊಡುವಿರಾ ಎಂದು ರಾಜಕುಮಾರರನ್ನು ಕೇಳುತ್ತಾನೆ. ಕೌರವರು ಸುಮ್ಮನಿರುತ್ತಾರೆ, ಅರ್ಜುನನು ಮಾತು ಕೊಡುತ್ತಾನೆ. ದ್ರೋಣನು ಅವನನ್ನು ತಬ್ಬಿ ಕಣ್ಣೀರು ಸುರಿಸುತ್ತಾನೆ. ಹಕ್ಕಿಯ ಪರೀಕ್ಷೆ ನಡೆದದ್ದು ಇದಾದ ಬಹುಕಾಲದ ಮೇಲೆ. ಎಂದರೆ, ಗುರುವಿನ ಒಲವು ಅರ್ಜುನನ ಪ್ರತಿಭೆಯನ್ನು ಕಾಣುವುದಕ್ಕೆ ಮೊದಲೇ ಅವನ ಮಾತಿಗೆ ಸಂದಿತ್ತು. ವಿದ್ಯೆಯು ಇಲ್ಲಿ ದಾನವಾಗಿ ಉಳಿಯದೆ ಸಾಲವಾಗುತ್ತದೆ. ದ್ರುಪದನನ್ನು ಸೆರೆಹಿಡಿಸಿ, ಗಂಗೆಯ ಉತ್ತರದ ಅರ್ಧರಾಜ್ಯವನ್ನು ದ್ರೋಣನು ತನ್ನದಾಗಿಸಿಕೊಂಡಾಗ ಆ ಸಾಲ ತೀರುತ್ತದೆ.

ಇನ್ನೊಂದು ಪಕ್ಷಪಾತ ಮಗನ ಕುರಿತದ್ದು. ನೀರು ತರಲು ಶಿಷ್ಯರಿಗೆ ಕಿರುಬಾಯಿಯ ಕಮಂಡಲುಗಳನ್ನೂ ಅಶ್ವತ್ಥಾಮನಿಗೆ ಅಗಲಬಾಯಿಯ ಕೊಡವನ್ನೂ ಕೊಟ್ಟು, ಅವನು ಬೇಗ ಮರಳಿ ಬಂದಾಗ ಗುಟ್ಟಿನ ವಿದ್ಯೆಗಳನ್ನು ದ್ರೋಣನು ಹೇಳಿಕೊಡುತ್ತಿದ್ದನು. ಇದನ್ನರಿತ ಅರ್ಜುನನು ವಾರುಣಾಸ್ತ್ರದಿಂದ ಕಮಂಡಲು ತುಂಬಿಸಿಕೊಂಡು ಗುರುಪುತ್ರನ ಜೊತೆಯಲ್ಲೇ ಬರತೊಡಗಿದನು. ಮಹಾಕಾವ್ಯವು ಮುಚ್ಚುಮರೆಯಿಲ್ಲದೆ ಹೇಳುವ ಈ ವಿವರವನ್ನು ಗುರುಭಕ್ತಿಯ ವ್ಯಾಖ್ಯಾನಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ.

3. ಹೆಬ್ಬೆರಳು

ನಿಷಾದರಾಜ ಹಿರಣ್ಯಧನುವಿನ ಮಗ ಏಕಲವ್ಯನನ್ನು ದ್ರೋಣನು ಅವನ ಹುಟ್ಟಿನ ಕಾರಣಕ್ಕಾಗಿ, ರಾಜಕುಮಾರರ ಹಿತವನ್ನು ನೆನೆದು ನಿರಾಕರಿಸಿದನೆಂದು ಆದಿಪರ್ವವೇ ಹೇಳುತ್ತದೆ. ಮಣ್ಣಿನ ಮೂರ್ತಿಯೆದುರು ಕಲಿತ ಏಕಲವ್ಯನು ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ತುಂಬಿದಾಗ, ಆ ಕೈಚಳಕದ ಬೆಲೆ ಏನೆಂದು ದ್ರೋಣನಷ್ಟು ನಿಖರವಾಗಿ ಬಲ್ಲವರು ಬೇರಾರೂ ಇರಲಿಲ್ಲ. ಆದುದರಿಂದಲೇ ಅವನು ಕೇಳಿದ್ದು ಪ್ರಾಣವನ್ನಲ್ಲ, ರಾಜ್ಯವನ್ನಲ್ಲ, ಬಲಗೈಯ ಹೆಬ್ಬೆರಳನ್ನು. ಮುಂದೆ ಏಕಲವ್ಯನು ಉಳಿದ ಬೆರಳುಗಳಿಂದ ಬಾಣ ಬಿಟ್ಟರೂ ಮೊದಲಿನ ವೇಗ ಬರಲಿಲ್ಲ. ಪ್ರತಿಭೆಯನ್ನು ಗುರುತಿಸುವ ಕಣ್ಣೇ ಅದನ್ನು ಎಲ್ಲಿ ಕತ್ತರಿಸಬೇಕೆಂಬುದನ್ನೂ ಗುರುತಿಸಿತು. ಕಲಿಸದೆಯೇ ದಕ್ಷಿಣೆ ಪಡೆದದ್ದು ಇಲ್ಲಿನ ಅನ್ಯಾಯದ ಇನ್ನೊಂದು ಮುಖ.

ಕನ್ನಡ ನಾಡಿನ ಇಬ್ಬರು ಆಧುನಿಕ ಲೇಖಕರು ಈ ಪ್ರಸಂಗವನ್ನು ಭಿನ್ನವಾಗಿ ಪರಿಭಾವಿಸಿದ್ದಾರೆ. ಟಿ.ಪಿ. ಕೈಲಾಸಂ ಅವರು ‘ದಿ ಪರ್ಪಸ್’ (1944) ಎಂಬ ಇಂಗ್ಲಿಷ್ ನಾಟಕದಲ್ಲಿ ವಿದ್ಯೆಯ ಉದ್ದೇಶವನ್ನೇ ಪ್ರಶ್ನೆಯಾಗಿಸುತ್ತಾರೆ. ಅಲ್ಲಿ ಏಕಲವ್ಯನಿಗೆ ತೋಳಗಳಿಂದ ಜಿಂಕೆಮರಿಗಳನ್ನು ಕಾಯಲು ಬಿಲ್ಲು ಬೇಕು. ಅರ್ಜುನನಿಗೆ ಲೋಕದ ಅತಿಶ್ರೇಷ್ಠ ಬಿಲ್ಲಾಳೆನಿಸಿಕೊಳ್ಳಲು ಬೇಕು. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ನಾಟಕವು ದ್ರೋಣನ ಒಳತೋಟಿಗೆ ಎಡೆಗೊಡುತ್ತದೆ. ಜೊತೆಗೆ, ಶೀರ್ಷಿಕೆಯೇ ಸೂಚಿಸುವಂತೆ, ಶಿಷ್ಯನ ಬೆರಳಿಗೂ ಮುಂದೆ ಕುರುಕ್ಷೇತ್ರದಲ್ಲಿ ಕಡಿದುಬೀಳುವ ಗುರುವಿನ ಕೊರಳಿಗೂ ನಂಟು ಕಲ್ಪಿಸುತ್ತದೆ. ಕೈಲಾಸಂ ಅವರದು ಉದ್ದೇಶದ ವಿಮರ್ಶೆಯಾದರೆ ಕುವೆಂಪು ಅವರದು ಕರ್ಮದ ವಿಮರ್ಶೆ. ಇಬ್ಬರೂ ದ್ರೋಣನನ್ನು ಕೇವಲ ಖಳನನ್ನಾಗಿ ಚಿತ್ರಿಸದಿರುವುದು ಗಮನಾರ್ಹ.

4. ಒಂದೇ ಅಸ್ತ್ರ, ಇಬ್ಬರು ಶಿಷ್ಯರು

ದ್ರೋಣನ ಗುರುತನದ ಅಂತಿಮ ಪರೀಕ್ಷೆ ನಡೆಯುವುದು ಅವನ ಮರಣಾನಂತರ. ಬ್ರಹ್ಮಶಿರೋಸ್ತ್ರವನ್ನು ಅವನು ಅರ್ಜುನನಿಗೆ ಪ್ರೀತಿಯಿಂದ ಕೊಟ್ಟಿದ್ದನು. ಹಟ ಹಿಡಿದ ಮಗನಿಗೆ ಒಲ್ಲದ ಮನಸ್ಸಿನಿಂದ ಕೊಟ್ಟು, ಎಂಥ ಆಪತ್ತಿನಲ್ಲೂ ಮನುಷ್ಯರ ಮೇಲೆ ಪ್ರಯೋಗಿಸಬಾರದೆಂದು ಎಚ್ಚರಿಸಿದ್ದನು. ಸೌಪ್ತಿಕಪರ್ವದಲ್ಲಿ ಇಬ್ಬರೂ ಅದನ್ನು ಪ್ರಯೋಗಿಸುತ್ತಾರೆ. ಋಷಿಗಳ ಮಾತಿಗೆ ಮಣಿದು ಅರ್ಜುನನು ಹಿಂದೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಅಗಲಬಾಯಿಯ ಕೊಡದಲ್ಲಿ ಸುಲಭವಾಗಿ ನೀರು ತುಂಬಿಕೊಂಡವನು ಸಂಯಮವನ್ನು ಕಲಿತಿರಲಿಲ್ಲ. ಆದರೆ ದೋಷ ಮಗನದಷ್ಟೇ ಅಲ್ಲ. ಯುದ್ಧದ ಹದಿನೈದನೆಯ ದಿನ, ಅಸ್ತ್ರಗಳನ್ನರಿಯದ ಸಾಮಾನ್ಯ ಸೈನಿಕರ ಮೇಲೆ ದ್ರೋಣನೇ ಬ್ರಹ್ಮಾಸ್ತ್ರ ಪ್ರಯೋಗಿಸಿ ಋಷಿಗಳ ಆಕ್ಷೇಪಕ್ಕೆ ಗುರಿಯಾಗಿದ್ದನು. ಬಾಯಲ್ಲಿ ಹೇಳಿದ ಪಾಠವನ್ನು ನಡೆಯಲ್ಲಿ ತೋರಿಸದ ಗುರುವಿನಿಂದ ಮಗನು ನಡೆಯನ್ನೇ ಕಲಿತನು.

5. ಉಪಸಂಹಾರ

ತಾಳಮದ್ದಳೆಯಲ್ಲಿ ಅರ್ಥಧಾರಿ ಬದಲಾದಂತೆ ದ್ರೋಣನೂ ಬದಲಾಗುತ್ತಾನೆ. ಒಬ್ಬರ ಮಾತಿನಲ್ಲಿ ಅವನು ಅನ್ನದ ಋಣಕ್ಕೆ ಕಟ್ಟುಬಿದ್ದ ವೃದ್ಧ. ಇನ್ನೊಬ್ಬರಲ್ಲಿ ಆತ್ಮಸಾಕ್ಷಿಯನ್ನು ಮಾರಿಕೊಂಡ ಪಂಡಿತ. ಪಾತ್ರವನ್ನು ಹೀಗೆ ವಾದಕ್ಕೆ ತೆರೆದಿಡುವ ಮೌಖಿಕ ಪರಂಪರೆಯ ವಿವೇಕ ನಮ್ಮ ಲಿಖಿತ ವಿಮರ್ಶೆಗೂ ಬೇಕಾಗಿದೆ. 1985ರಲ್ಲಿ ಕೇಂದ್ರ ಸರ್ಕಾರವು ಕ್ರೀಡಾ ತರಬೇತುದಾರರಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರಿದೆ. ಕರ್ನಾಟಕ ಸರ್ಕಾರವು ಕ್ರೀಡಾಪಟುಗಳಿಗೆ ನೀಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿದೆ. ಕಾಡಿನಲ್ಲಿ ಎದುರುಬದುರಾದ ಇಬ್ಬರಿಗೂ ಸಮಾಜವು ಗೌರವ ಸಲ್ಲಿಸುತ್ತಿದೆ. ಅವರ ನಡುವಿನ ಲೆಕ್ಕ ಮಾತ್ರ ಇನ್ನೂ ಚುಕ್ತವಾಗಿಲ್ಲ.

ಒಟ್ಟಿನಲ್ಲಿ, ಹಕ್ಕಿಯ ತಲೆಯನ್ನಲ್ಲದೆ ಬೇರೇನನ್ನೂ ಕಾಣಬಾರದೆಂಬುದು ಬಿಲ್ಲಾಳಿಗೆ ತಕ್ಕ ನಿಯಮ. ದ್ರೋಣನು ಅದನ್ನು ಬಾಳಿಗೂ ಅನ್ವಯಿಸಿದನು. ಮೊದಲು ದ್ರುಪದನನ್ನು, ಬಳಿಕ ಅರ್ಜುನನ ಅಗ್ರಸ್ಥಾನವನ್ನು, ಕೊನೆಗೆ ಮಗನನ್ನು ಮಾತ್ರ ಕಂಡನು. ಮರವನ್ನೂ ಸುತ್ತಲಿನ ಜನರನ್ನೂ ಕಂಡೆನೆಂದ ಯುಧಿಷ್ಠಿರನು ಆ ಪರೀಕ್ಷೆಯಲ್ಲಿ ಸೋತನು, ನಿಜ. ಆದರೆ ಗುರುವಾದವನಿಗೆ ಬೇಕಾದದ್ದು ಆ ನೋಟವೇ ಆಗಿತ್ತು.