ಕಟ್ಟು (ಕ್ರಿಯಾಪದ)

ಕಟ್ಟು ಎಂಬುದು ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲಿ ಒಂದು. ಬಿಗಿಯುವುದು, ನಿರ್ಮಿಸುವುದು, ತಡೆಯುವುದು, ಹಣ ಪಾವತಿಸುವುದು, ರಚಿಸುವುದು, ಸಂಘಟಿಸುವುದು ಮುಂತಾದ ಹಲವು ಅರ್ಥಗಳು ಇದಕ್ಕಿವೆ. ಇಂಗ್ಲಿಷಿನ ‘ಸೆಟ್’, ‘ರನ್’, ‘ಗೆಟ್’ ಕ್ರಿಯಾಪದಗಳಂತೆ ಇದು ಬಹ್ವರ್ಥಕ ಪದ. ಮೇಲ್ನೋಟಕ್ಕೆ ಈ ಅರ್ಥಗಳು ಒಂದಕ್ಕೊಂದು ದೂರವಾಗಿ ಕಂಡರೂ, ಚದುರಿಹೋಗುವುದನ್ನು ಅಥವಾ ಹರಿದುಹೋಗುವುದನ್ನು ಹಿಡಿದು ನಿಲ್ಲಿಸುವುದು ಎಂಬ ಮೂಲ ಕಲ್ಪನೆ ಹೆಚ್ಚಿನವುಗಳಲ್ಲಿ ಉಳಿದುಬಂದಿದೆ. ಕೆರೆ, ದನ ಮತ್ತು ತೋಟಗಳ ಸುತ್ತ ಬದುಕು ಬೆಳೆದಿರುವ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪರಿಸರದಲ್ಲಿ ಈ ಪದದ ಬಹುತೇಕ ಅರ್ಥಗಳನ್ನು ಒಟ್ಟಿಗೆ ಗುರುತಿಸಬಹುದು.

ವ್ಯುತ್ಪತ್ತಿ ಮತ್ತು ಜ್ಞಾತಿಪದಗಳು

ಕಟ್ಟು ಮೂಲ ದ್ರಾವಿಡ ಪದ. ತಮಿಳು ಮತ್ತು ತೆಲುಗಿನಲ್ಲಿ ‘ಕಟ್ಟು’, ಮಲಯಾಳಂನಲ್ಲಿ ‘ಕೆಟ್ಟುಕ’ ಎಂಬ ಜ್ಞಾತಿರೂಪಗಳಿವೆ. ತುಳುವಿನಲ್ಲಿಯೂ ಇದೇ ಧಾತು ಬಳಕೆಯಲ್ಲಿದೆ. ತಮಿಳು ಮತ್ತು ತೆಲುಗಿನಲ್ಲಿಯೂ ಈ ಪದ ಬಿಗಿಯುವುದು, ನಿರ್ಮಿಸುವುದು ಮತ್ತು ಹಣ ಸಲ್ಲಿಸುವುದು ಎಂಬ ಮೂರೂ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಆದ್ದರಿಂದ ಇದರ ಬಹ್ವರ್ಥಕತೆ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಮರದ ದಿಮ್ಮಿಗಳನ್ನು ಒಟ್ಟಿಗೆ ಬಿಗಿದು ಮಾಡಿದ ತೆಪ್ಪಕ್ಕೆ ತಮಿಳಿನಲ್ಲಿ ‘ಕಟ್ಟುಮರಂ’ ಎನ್ನುತ್ತಾರೆ. ಇಂಗ್ಲಿಷಿನ ‘ಕ್ಯಾಟಮರಾನ್’ ಎಂಬ ಪದ ಅದರಿಂದಲೇ ಬಂದಿದೆ.

ರೂಪಗಳು

ಹೊಸಗನ್ನಡದಲ್ಲಿ ಈ ಧಾತುವಿನ ಮುಖ್ಯ ರೂಪಗಳು ಹೀಗಿವೆ: ಕಟ್ಟುತ್ತಾನೆ (ವರ್ತಮಾನ), ಕಟ್ಟಿದನು (ಭೂತ), ಕಟ್ಟುವನು (ಭವಿಷ್ಯತ್), ಕಟ್ಟನು (ನಿಷೇಧ), ಕಟ್ಟಿ (ಭೂತ ನ್ಯೂನ), ಕಟ್ಟಿಸು (ಪ್ರೇರಣಾರ್ಥಕ). ಹಳಗನ್ನಡದಲ್ಲಿ ಕಟ್ಟಿದಂ, ಕಟ್ಟುವಂ ಎಂಬ ರೂಪಗಳಿದ್ದವು. ಕಟ್ಟು ಎಂಬುದು ನಾಮಪದವೂ ಹೌದು: ಸೊಪ್ಪಿನ ಕಟ್ಟು, ಕಾಗದದ ಕಟ್ಟು, ಮುರಿದ ಮೂಳೆಗೆ ಹಾಕುವ ಕಟ್ಟು, ಬೇಯಿಸಿದ ಬೇಳೆಯಿಂದ ಬಸಿದ ಕಟ್ಟು ಇತ್ಯಾದಿ.

ಈ ಕ್ರಿಯಾಪದ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ಬರುತ್ತದೆ. ‘ರೈತನು ಹಸುವನ್ನು ಕಟ್ಟಿದನು’ ಎಂಬಲ್ಲಿ ಕಟ್ಟುವವನೂ ಇದ್ದಾನೆ, ಕಟ್ಟಿಸಿಕೊಳ್ಳುವ ವಸ್ತುವೂ ಇದೆ. ‘ಮೋಡ ಕಟ್ಟಿದೆ’, ‘ಕಾಳು ಕಟ್ಟಿದೆ’, ‘ಮೂಗು ಕಟ್ಟಿದೆ’ ಎಂಬ ವಾಕ್ಯಗಳಲ್ಲಿ ಕೆಲಸ ಮಾಡುವ ಬೇರೊಬ್ಬ ಕರ್ತೃವಿಲ್ಲ. ಸ್ಥಿತಿ ತಾನಾಗಿಯೇ ಉಂಟಾಗಿದೆ.

ಮುಖ್ಯ ಅರ್ಥಗಳು

1. ಬಿಗಿಯುವುದು: ಹಗ್ಗ ಕಟ್ಟು, ಬುತ್ತಿ ಕಟ್ಟು, ತೋರಣ ಕಟ್ಟು, ಗೆಜ್ಜೆ ಕಟ್ಟು, ತಾಳಿ ಕಟ್ಟು.

2. ನಿರ್ಮಿಸುವುದು: ಮನೆ ಕಟ್ಟು, ಗೋಡೆ ಕಟ್ಟು, ಸೇತುವೆ ಕಟ್ಟು. ಹಕ್ಕಿ ಗೂಡು ಕಟ್ಟುತ್ತದೆ, ಜೇನು ಹುಟ್ಟು ಕಟ್ಟುತ್ತದೆ.

3. ತಡೆಯುವುದು ಅಥವಾ ತಡೆಯಾಗುವುದು: ಮೂಗು ಕಟ್ಟು, ಗಂಟಲು ಕಟ್ಟು, ಉಸಿರು ಕಟ್ಟು, ಮೂತ್ರ ಕಟ್ಟು.

4. ಸಲ್ಲಿಸುವುದು, ಪಾವತಿಸುವುದು: ಕಂದಾಯ ಕಟ್ಟು, ಶುಲ್ಕ ಕಟ್ಟು, ದಂಡ ಕಟ್ಟು, ಕಂತು ಕಟ್ಟು. ಅರ್ಜಿ ಮತ್ತು ಶುಲ್ಕ ಸಲ್ಲಿಸಿ ಪರೀಕ್ಷೆಗೆ ಕೂರುವುದನ್ನು ‘ಪರೀಕ್ಷೆ ಕಟ್ಟು’ ಎನ್ನಲಾಗುತ್ತದೆ.

5. ರಚಿಸುವುದು: ಪದ ಕಟ್ಟು, ಹಾಡು ಕಟ್ಟು, ಕಥೆ ಕಟ್ಟು. ಕೊನೆಯದಕ್ಕೆ ‘ಸುಳ್ಳು ಹೇಳು’ ಎಂಬ ಅರ್ಥವೂ ಇದೆ. ‘ಕಟ್ಟುಕಥೆ’ ಎಂಬ ಸಮಾಸದಲ್ಲಿ ಈ ಅರ್ಥವೇ ಪ್ರಧಾನ.

6. ಸಂಘಟಿಸುವುದು: ಸಂಘ ಕಟ್ಟು, ಪಕ್ಷ ಕಟ್ಟು, ನಾಡು ಕಟ್ಟು.

7. ರೂಪುಗೊಳ್ಳುವುದು: ಮೋಡ ಕಟ್ಟು, ಕಾಯಿ ಕಟ್ಟು, ಕಾಳು ಕಟ್ಟು, ಪಾಚಿ ಕಟ್ಟು, ಹಸು ಗರ್ಭ ಕಟ್ಟು.

8. ನಿಗದಿಪಡಿಸುವುದು: ಬೆಲೆ ಕಟ್ಟು, ಪಣ ಕಟ್ಟು, ಪಟ್ಟ ಕಟ್ಟು.

ಇವುಗಳಲ್ಲದೆ ಅಂಗವಾಚಕಗಳೊಡನೆ ಕೂಡಿ ಹಲವು ನುಡಿಗಟ್ಟುಗಳು ಹುಟ್ಟಿವೆ. ಟೊಂಕ ಕಟ್ಟುವುದೆಂದರೆ ಕಾರ್ಯಕ್ಕೆ ಸಿದ್ಧವಾಗುವುದು. ಕೈ ಕಟ್ಟಿ ಕೂರುವುದೆಂದರೆ ಏನೂ ಮಾಡದಿರುವುದು. ಬಾಯಿ ಕಟ್ಟುವುದೆಂದರೆ ಪಥ್ಯ ಮಾಡುವುದು ಅಥವಾ ಮಿತವಾಗಿ ಉಣ್ಣುವುದು. ‘ಕಣ್ಣು ಕಟ್ಟು’ ಎಂದರೆ ಕಾಣದಂತೆ ಮಾಡುವುದು. ಒಂದು ವಿಭಕ್ತಿ ಪ್ರತ್ಯಯ ಸೇರಿ ‘ಕಣ್ಣಿಗೆ ಕಟ್ಟು’ ಎಂದಾದರೆ ಸ್ಪಷ್ಟವಾಗಿ ಕಾಣುವುದು ಎಂಬ ವಿರುದ್ಧಾರ್ಥ ಬರುತ್ತದೆ.

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಪ್ರದೇಶದಲ್ಲಿ ಬಳಕೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಕಡೂರು ಬಯಲುಸೀಮೆಗೆ ಸೇರಿದ್ದರೆ, ತರೀಕೆರೆ ಮಲೆನಾಡಿನ ಅಂಚಿನಲ್ಲಿದೆ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು.

ಕೆರೆ ಮತ್ತು ಅಣೆಕಟ್ಟು. ಬಿಗಿಯುವ ಅರ್ಥ ಮತ್ತು ನಿರ್ಮಿಸುವ ಅರ್ಥ ಒಂದಾಗುವುದು ‘ಕೆರೆ ಕಟ್ಟು’ ಎಂಬ ಪ್ರಯೋಗದಲ್ಲಿ. ಬಾವಿಯನ್ನು ತೋಡುತ್ತಾರೆ, ಆದರೆ ಕೆರೆಯನ್ನು ಕಟ್ಟುತ್ತಾರೆ. ಕೆರೆಯ ಮುಖ್ಯ ಭಾಗ ಅಗೆದ ಗುಂಡಿಯಲ್ಲ, ಹರಿಯುವ ನೀರಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ. ಏರಿಯನ್ನು ನಿರ್ಮಿಸುವುದೂ ನೀರನ್ನು ಹಿಡಿದು ನಿಲ್ಲಿಸುವುದೂ ಒಂದೇ ಕ್ರಿಯೆಯಾದ್ದರಿಂದ ಎರಡಕ್ಕೂ ಒಂದೇ ಕ್ರಿಯಾಪದ ಸಾಲುತ್ತದೆ. ಕಟ್ಟೆ, ಅಣೆಕಟ್ಟು ಎಂಬ ಪದಗಳಲ್ಲಿಯೂ ಇದೇ ಧಾತುವಿದೆ.

ವೇದಾವತಿ ನದಿಯ ಎರಡು ಮೂಲ ಹೊಳೆಗಳಾದ ವೇದಾ ಮತ್ತು ಅವತಿಗಳ ಮೇಲೆ ಕ್ರಮವಾಗಿ ಅಯ್ಯನಕೆರೆ ಮತ್ತು ಮದಗದ ಕೆರೆಗಳಿವೆ. ಎರಡೂ ಹೊಳೆಗಳು ಕಡೂರಿನ ಸಮೀಪ ಕೂಡುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ರುಕ್ಮಾಂಗದ ರಾಯನೆಂಬ ಪಾಳೆಯಗಾರ ಕಟ್ಟಿಸಿದನೆಂದು ಪರಂಪರೆ ಹೇಳುತ್ತದೆ. ಹೊಯ್ಸಳರ ಆಳ್ವಿಕೆಯಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತು. ಈ ಕೆರೆಗೆ ಸಂಬಂಧಿಸಿದ ಐತಿಹ್ಯವೊಂದರ ಪ್ರಕಾರ, ಏರಿಯನ್ನು ಒಡೆದು ಹೊರಡಲು ಸಿದ್ಧಳಾದ ಜಲದೇವತೆಯನ್ನು ಕೆರೆಯ ಕಾವಲುಗಾರನು ತಾನು ಅರಸನಿಗೆ ತಿಳಿಸಿ ಹಿಂದಿರುಗುವವರೆಗೆ ತಡೆಯುವಂತೆ ಬೇಡಿದನು, ಅವಳು ಒಪ್ಪಿದಳು. ಅವನು ಎಂದಿಗೂ ಹಿಂದಿರುಗದಂತೆ ಅವನ ಪ್ರಾಣವನ್ನೇ ತೆಗೆಯಲಾಯಿತು. ಮಾತಿಗೆ ಕಟ್ಟುಬಿದ್ದ ದೇವತೆ ಇಂದಿಗೂ ಏರಿಯೊಳಗೆ ಕಾಯುತ್ತಿದ್ದಾಳೆ ಎಂಬುದು ಜನರ ನಂಬಿಕೆ. ಮಣ್ಣಿನ ಕಟ್ಟು ಮತ್ತು ಮಾತಿನ ಕಟ್ಟು ಇಲ್ಲಿ ಒಂದೇ ಕಥೆಯೊಳಗೆ ಸೇರಿವೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ಈ ಅಣೆಕಟ್ಟಿನ ವಿವರಣೆಯಲ್ಲಿ ಪದದ ಹಲವು ಅರ್ಥಗಳು ಸಾಲಾಗಿ ಬರುತ್ತವೆ. ನದಿಗೆ ಅಣೆ ಕಟ್ಟಿದಾಗ (ನಿರ್ಮಿಸುವುದು) ಮುಳುಗಡೆ ಪ್ರದೇಶದ ಜನ ಗಂಟುಮೂಟೆ ಕಟ್ಟಿ (ಬಿಗಿಯುವುದು, ಊರು ಬಿಡುವುದು) ಬೇರೆಡೆ ಬದುಕು ಕಟ್ಟಿಕೊಳ್ಳಬೇಕಾಯಿತು (ಹೊಸದಾಗಿ ನೆಲೆಗೊಳ್ಳುವುದು). ನೀರು ಪಡೆದ ಅಚ್ಚುಕಟ್ಟಿನ ರೈತರು ನೀರಿನ ಕರ ಕಟ್ಟುತ್ತಾರೆ (ಪಾವತಿಸುವುದು). ನೀರಾವರಿಗೆ ಒಳಪಟ್ಟ ಭೂಮಿಯನ್ನು ಸೂಚಿಸುವ ‘ಅಚ್ಚುಕಟ್ಟು’ ಎಂಬ ಪದ ‘ಅಚ್ಚುಕಟ್ಟಾದ ಕೆಲಸ’ ಎಂಬಲ್ಲಿ ಓರಣವಾದ ಎಂಬ ಅರ್ಥವನ್ನೂ ಕೊಡುತ್ತದೆ.

ದನಕರು. ಅಜ್ಜಂಪುರದಲ್ಲಿ 1929ರಲ್ಲಿ ಆರಂಭವಾದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂಬ ಹೆಸರಿಟ್ಟನು. ಈ ತಳಿಯ ರಾಸುಗಳು ಸಾಂಪ್ರದಾಯಿಕವಾಗಿ ಕೊಟ್ಟಿಗೆಯಲ್ಲಲ್ಲ, ಕಾವಲು ಎಂದು ಕರೆಯುವ ವಿಶಾಲ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತವೆ. ಆದ್ದರಿಂದ ಇಲ್ಲಿ ‘ಕಟ್ಟಿದ ದನ’ ಮತ್ತು ‘ಬಿಟ್ಟ ದನ’ ಎಂಬ ಭೇದ ಸ್ಪಷ್ಟವಾಗಿದೆ. ಹೋರಿಕರುಗಳ ಹರಾಜಿನಂತಹ ಸಂದರ್ಭದಲ್ಲಿ ಕೊಳ್ಳುವವರು ಮೊದಲು ಠೇವಣಿ ಕಟ್ಟುತ್ತಾರೆ, ನಂತರ ರಾಸಿನ ಮೈಕಟ್ಟು ನೋಡಿ ಬೆಲೆ ಕಟ್ಟುತ್ತಾರೆ, ಕೊನೆಗೆ ಕೊಂಡ ರಾಸಿಗೆ ಹಗ್ಗ ಕಟ್ಟಿ ಕರೆದೊಯ್ಯುತ್ತಾರೆ. ‘ಗಾಡಿ ಕಟ್ಟು’ ಎಂಬ ಪ್ರಯೋಗವೂ ಗಮನಾರ್ಹ. ಇಲ್ಲಿ ಗಾಡಿಯನ್ನು ತಯಾರಿಸುವುದೂ ಇಲ್ಲ, ಹಗ್ಗದಿಂದ ಬಿಗಿಯುವುದೂ ಇಲ್ಲ. ಎತ್ತುಗಳನ್ನು ನೊಗಕ್ಕೆ ಹೂಡಿ ಪ್ರಯಾಣಕ್ಕೆ ಅಣಿಮಾಡುವುದು ಇದರ ಅರ್ಥ.

ತೋಟ ಮತ್ತು ಹೊಲ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಜಾರದಂತೆ ಕಟ್ಟುತ್ತಾರೆ. ಮಲೆನಾಡಿನ ತೋಟಗಳಲ್ಲಿ ಮಳೆಗಾಲದ ಕೊಳೆರೋಗದಿಂದ ಅಡಿಕೆ ಗೊನೆಯನ್ನು ಕಾಪಾಡಲು ಅದಕ್ಕೆ ‘ಕೊಟ್ಟೆ ಕಟ್ಟುವ’ ಪದ್ಧತಿಯಿದೆ. ಬಯಲುಸೀಮೆಯ ರಾಗಿ ಹೊಲದಲ್ಲಿ ಮೋಡ ಕಟ್ಟಿದ್ದು ಮಳೆಯಾಗಿ ಸುರಿದರೆ ಮಾತ್ರ ತೆನೆ ಕಾಳು ಕಟ್ಟುತ್ತದೆ. ಕೊನೆಯ ವಾಕ್ಯದಲ್ಲಿ ಎರಡು ಬಾರಿಯೂ ಪದ ಅಕರ್ಮಕವಾಗಿಯೇ ಬಂದಿದೆ.

ಕಟ್ಟು ಮತ್ತು ಕಟ್ಟಿಸು

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ (1901) ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಕನ್ನಡ ಶಾಸನಗಳಲ್ಲಿ ಕೆರೆ, ದೇವಾಲಯಗಳ ನಿರ್ಮಾಣವನ್ನು ಹೇಳುವಾಗ ‘ಕಟ್ಟಿಸು’, ‘ಮಾಡಿಸು’ ಎಂಬ ಪ್ರೇರಣಾರ್ಥಕ ರೂಪಗಳು ಹೇರಳವಾಗಿ ಕಾಣುತ್ತವೆ. ‘-ಇಸು’ ಪ್ರತ್ಯಯ ಧನ ಒದಗಿಸಿದವನನ್ನೂ ಮಣ್ಣು ಹೊತ್ತವನನ್ನೂ ಬೇರ್ಪಡಿಸುತ್ತದೆ. ಶಾಸನದಲ್ಲಿ ಸಾಮಾನ್ಯವಾಗಿ ಹೆಸರು ಉಳಿಯುವುದು ಕಟ್ಟಿಸಿದವನದು. ಕಟ್ಟಿದವರು ಆ ಪ್ರತ್ಯಯದ ಹಿಂದೆ ಮರೆಯಾಗಿರುತ್ತಾರೆ. ಇಂದಿನ ಆಡುಮಾತಿನಲ್ಲಿ ಈ ಭೇದವೂ ಸಡಿಲಗೊಂಡಿದೆ. ‘ಅವರು ಊರಿನಲ್ಲಿ ಮನೆ ಕಟ್ಟಿದರು’ ಎಂದಾಗ ಮನೆಯ ಯಜಮಾನನೆಂದೇ ಅರ್ಥವಾಗುತ್ತದೆಯೇ ಹೊರತು ಗಾರೆ ಕೆಲಸದವನೆಂದಲ್ಲ.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿಯ ಶಾಸನಪದ್ಯಗಳನ್ನು ರಚಿಸಿದವನು ಕವಿ ಜನ್ನ. ದೇವಾಲಯ ಕಟ್ಟುವುದು, ಪದ್ಯ ಕಟ್ಟುವುದು ಎಂಬ ಎರಡು ಅರ್ಥಗಳಿಗೂ ಒಂದೇ ಸ್ಥಳ ಉದಾಹರಣೆಯಾಗಿದೆ.

ಅರ್ಥವನ್ನು ನಿರ್ಣಯಿಸುವ ಬಗೆ

ವಾಕ್ಯದಲ್ಲಿ ‘ಕಟ್ಟು’ ಯಾವ ಅರ್ಥದಲ್ಲಿದೆ ಎಂಬುದನ್ನು ತಿಳಿಯಲು ಮೂರು ಸೂಚನೆಗಳು ನೆರವಾಗುತ್ತವೆ.

ಜೊತೆಯ ನಾಮಪದ: ಕಂದಾಯದೊಡನೆ ಬಂದರೆ ಪಾವತಿ, ಗೋಡೆಯೊಡನೆ ಬಂದರೆ ನಿರ್ಮಾಣ, ಹಾಡಿನೊಡನೆ ಬಂದರೆ ರಚನೆ.

ವಿಭಕ್ತಿ: ‘ಹಸುವನ್ನು ಕಟ್ಟು’ ಎಂದರೆ ಹಸುವೇ ಬಂಧಿತ, ‘ಹಸುವಿಗೆ ಕಟ್ಟು’ ಎಂದರೆ ಗಂಟೆಯಂತಹ ಬೇರೊಂದು ವಸ್ತುವನ್ನು ಹಸುವಿಗೆ ಬಿಗಿಯುವುದು.

ವಿರುದ್ಧಪದ: ಗಂಟನ್ನು ಕಟ್ಟುವುದಕ್ಕೆ ವಿರುದ್ಧ ಬಿಚ್ಚುವುದು, ದನವನ್ನು ಕಟ್ಟುವುದಕ್ಕೆ ಬಿಡುವುದು, ಮನೆ ಕಟ್ಟುವುದಕ್ಕೆ ಕೆಡವುವುದು, ಸಂಘ ಕಟ್ಟುವುದಕ್ಕೆ ಒಡೆಯುವುದು, ಕಂದಾಯ ಕಟ್ಟುವುದಕ್ಕೆ ಬಾಕಿ ಉಳಿಸುವುದು. ವಿರುದ್ಧಪದ ಬದಲಾದರೆ ಅರ್ಥವೂ ಬದಲಾಗಿದೆ ಎಂದು ತಿಳಿಯಬಹುದು.

ಅನುವಾದದ ತೊಡಕುಗಳು

‘ಕಟ್ಟು’ ಪದಕ್ಕೆ ಇಂಗ್ಲಿಷಿನಲ್ಲಿ ಏಕೈಕ ಸಮಾನಪದವಿಲ್ಲ. ಸಂದರ್ಭಾನುಸಾರ ಟೈ, ಬಿಲ್ಡ್, ಪೇ, ಬ್ಲಾಕ್, ಕಂಪೋಸ್ ಮುಂತಾದ ಬೇರೆ ಬೇರೆ ಕ್ರಿಯಾಪದಗಳನ್ನು ಬಳಸಬೇಕಾಗುತ್ತದೆ. ಕನ್ನಡ ಕಲಿಯುವವರು ಬಿಗಿಯುವ ಅರ್ಥವನ್ನು ಮಾತ್ರ ತಿಳಿದಿದ್ದರೆ ಗಂಭೀರ ತಪ್ಪುಗಳು ಸಂಭವಿಸಬಹುದು. ಆಸ್ಪತ್ರೆಯಲ್ಲಿ ರೋಗಿಯು ‘ಉಸಿರು ಕಟ್ಟುತ್ತಿದೆ’ ಅಥವಾ ‘ಮೂತ್ರ ಕಟ್ಟಿದೆ’ ಎಂದರೆ ಅದು ತುರ್ತು ಚಿಕಿತ್ಸೆ ಬೇಕಾದ ತಡೆಯ ಸೂಚನೆ. ಕತ್ತರಿಸುವ ಅರ್ಥದ ಇಂಗ್ಲಿಷ್ ‘ಕಟ್’ ಪದ ಕನ್ನಡದ ಆಡುಮಾತಿಗೆ ಬಂದಿರುವುದರಿಂದ ಇನ್ನೊಂದು ತೊಡಕೂ ಉಂಟಾಗಿದೆ. ‘ಹಗ್ಗ ಕಟ್ಟು’ ಮತ್ತು ‘ಹಗ್ಗ ಕಟ್ ಮಾಡು’ ಎಂಬ ಎರಡು ಮಾತುಗಳು ಕಿವಿಗೆ ಹತ್ತಿರವಾಗಿದ್ದರೂ ಅರ್ಥದಲ್ಲಿ ತದ್ವಿರುದ್ಧ.

ಸಾಧಿತ ಮತ್ತು ಸಂಯುಕ್ತ ಪದಗಳು

ಕಟ್ಟಡ, ಕಟ್ಟೋಣ, ಕಟ್ಟೆ ಮತ್ತು ಅರಳಿಕಟ್ಟೆ ನಿರ್ಮಾಣದ ಅರ್ಥದಿಂದ ಬಂದವು. ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು ಎಂಬ ಪದಗಳಲ್ಲಿ ಬಂಧನದ ಅರ್ಥ ಸಾಮಾಜಿಕ ನಿಯಮಕ್ಕೆ ವಿಸ್ತರಿಸಿದೆ. ಒಕ್ಕಟ್ಟು ಎಂದರೆ ಒಂದೇ ಕಟ್ಟಾಗಿರುವುದು, ಅಂದರೆ ಐಕ್ಯ. ‘ಕೊಳ್ಳು’ ಸೇರಿದ ‘ಕಟ್ಟಿಕೊಳ್ಳು’ ರೂಪದಲ್ಲಿ ಕ್ರಿಯೆಯ ಫಲ ಕರ್ತೃವಿಗೇ ಸಲ್ಲುತ್ತದೆ: ಪುಣ್ಯ ಕಟ್ಟಿಕೊಳ್ಳು, ವಿರೋಧ ಕಟ್ಟಿಕೊಳ್ಳು. ‘ಕೊಡು’ ಸೇರಿದ ‘ಕಟ್ಟಿಕೊಡು’ ರೂಪಕ್ಕೆ ಪೊಟ್ಟಣ ಮಾಡಿ ಕೊಡುವುದು ಎಂಬ ಅರ್ಥದ ಜೊತೆಗೆ, ಇತ್ತೀಚಿನ ವಿಮರ್ಶೆಯ ಬರವಣಿಗೆಯಲ್ಲಿ, ಚಿತ್ರಿಸುವುದು ಎಂಬ ಅರ್ಥವೂ ಇದೆ.