ಮೊದಲ ವರ್ಷದ ಓಟಗಾರ

ಶಾಲೆಯಲ್ಲಿ ಎಲ್ಲರಿಗಿಂತ ಮುಂದೆ ಓಡಿ ಪದಕ ತಂದ ಹುಡುಗನು ಕಾಲೇಜು ಸೇರಿದ ಮೊದಲ ವರ್ಷದಲ್ಲಿಯೇ ಹಿಂದೆ ಬೀಳುತ್ತಾನೆ. ಹುಡುಗನು ಒಳಗೊಳಗೇ ಕುಗ್ಗುತ್ತಾನೆ. ತಂದೆತಾಯಿಗಳು "ಇವನಿಗೆ ಏನಾಯಿತು?" ಎಂದು ಗಾಬರಿಗೊಳ್ಳುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ದೂರದ ಓಟದ ತಂಡ ಸೇರುವ ಬಾಲಕ ಬಾಲಕಿಯರ ವಿಷಯದಲ್ಲಿ ಇದು ವರ್ಷ ವರ್ಷವೂ ಕಂಡುಬರುವ ಸಂಗತಿ. ನಮ್ಮ ನಾಡಿನ ಅನೇಕ ಕುಟುಂಬಗಳು ಇಂದು ಆ ದೇಶದಲ್ಲಿ ನೆಲೆಸಿವೆ; ಅವರ ಮಕ್ಕಳು ಅಲ್ಲಿನ ಶಾಲೆ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಆಡುತ್ತಿದ್ದಾರೆ. ಆದುದರಿಂದ ಈ ಮೊದಲ ವರ್ಷದ ಸ್ವರೂಪವೇನು, ಅದರ ಕಷ್ಟವೆಲ್ಲಿದೆ, ಅದನ್ನು ದಾಟುವ ಬಗೆ ಹೇಗೆ ಎಂಬುದನ್ನು ವಾಚಕ ಬಂಧುಗಳ ಮುಂದಿಡಬಯಸುತ್ತೇವೆ.

ದೂರವೇ ಬದಲಾಗುತ್ತದೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ಗುಡ್ಡಗಾಡು ಓಟದ ದೂರ ಬಹುಮಟ್ಟಿಗೆ 5 ಕಿಲೋಮೀಟರು. ಮೈದಾನದ ಓಟಗಳಲ್ಲಿ 1600 ಮತ್ತು 3200 ಮೀಟರುಗಳೇ ಮುಖ್ಯ. ಕಾಲೇಜಿಗೆ ಬಂದೊಡನೆ ಈ ಅಳತೆಗಳೆಲ್ಲ ಬದಲಾಗುತ್ತವೆ. ಪುರುಷರ ಗುಡ್ಡಗಾಡು ಓಟ ಸಾಮಾನ್ಯವಾಗಿ 8 ಕಿಲೋಮೀಟರು. ಉನ್ನತ ವಿಭಾಗದ ರಾಷ್ಟ್ರೀಯ ಸ್ಪರ್ಧೆಯಲ್ಲಿ 1976ರಿಂದ 10 ಕಿಲೋಮೀಟರು. ಮಹಿಳೆಯರ ರಾಷ್ಟ್ರೀಯ ಸ್ಪರ್ಧೆ 2000ದಿಂದ 6 ಕಿಲೋಮೀಟರಿನದಾಗಿ ನಡೆದುಬಂದಿದೆ. ಮೈದಾನದಲ್ಲಿ 1500, 5000 ಹಾಗೂ 10,000 ಮೀಟರುಗಳ ಓಟಗಳಿವೆ. ಇವುಗಳ ಜೊತೆಗೆ 28 ಅಡೆಗಳನ್ನೂ 7 ನೀರುಗುಂಡಿಗಳನ್ನೂ ದಾಟಬೇಕಾದ 3000 ಮೀಟರು ಸ್ಟೀಪಲ್‌ಚೇಸ್ ಇದೆ.

ಋತುಮಾನದ ಚಕ್ರವೂ ಬಿಡುವಿಲ್ಲದ್ದು. ಆಗಸ್ಟಿನಲ್ಲಿ ಅಭ್ಯಾಸ ಮೊದಲಾಗಿ ನವೆಂಬರಿನವರೆಗೆ ಹುಲ್ಲುಗಾವಲು, ಗುಡ್ಡಗಳ ಮೇಲಿನ ಓಟ. ಚಳಿಗಾಲದಲ್ಲಿ ಸೂರಿನಡಿಯ 200 ಮೀಟರು ಸುತ್ತಿನ ಪಥದ ಮೇಲಿನ ಓಟ. ವಸಂತದಲ್ಲಿ ಬಯಲು ಮೈದಾನ. ರಾಷ್ಟ್ರೀಯ ಮಟ್ಟ ತಲುಪಿದವನಿಗೆ ಜೂನ್ ತಿಂಗಳವರೆಗೂ ಓಟವೇ ಓಟ. ಇದರ ನಡುವೆ ಪಾಠ, ಪರೀಕ್ಷೆ, ಪ್ರಯೋಗಶಾಲೆ ಯಾವುದೂ ನಿಲ್ಲುವುದಿಲ್ಲ. ತಂಡದಲ್ಲಿ ಉಳಿಯಬೇಕಾದರೆ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಅಂಕಗಳೂ ನಿಗದಿತ ಮಟ್ಟದಲ್ಲಿರಬೇಕು. ಕ್ರೀಡೆಯು ಓದನ್ನು ನುಂಗಿಹಾಕಬಾರದೆಂದು ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಯು 1991ರಲ್ಲಿ ವಾರಕ್ಕೆ 20 ಗಂಟೆಗಳ ಕಡ್ಡಾಯ ಅಭ್ಯಾಸದ ಮಿತಿಯನ್ನು ಹಾಕಿತು. ಆದರೆ ನಿದ್ರೆ, ಅಂಗಮರ್ದನ, ಪ್ರಯಾಣದ ಆಯಾಸ ಇವೆಲ್ಲ ಆ ಲೆಕ್ಕದಿಂದ ಹೊರಗೆ ಉಳಿಯುತ್ತವೆ ಎಂಬುದನ್ನು ನೆನಪಿಡಬೇಕು.

ಒಬ್ಬನ ಓಟ, ಐವರ ಲೆಕ್ಕ

ಗುಡ್ಡಗಾಡು ಓಟವನ್ನು ದೂರದಿಂದ ನೋಡುವವರಿಗೆ ಅದು ಒಬ್ಬೊಬ್ಬರ ಸ್ಪರ್ಧೆಯಂತೆ ತೋರುತ್ತದೆ. ವಾಸ್ತವದಲ್ಲಿ ಅದು ತಂಡದ ಸ್ಪರ್ಧೆ. ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ. ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನು ಕೂಡಿಸಲಾಗುತ್ತದೆ. ಯಾರ ಮೊತ್ತ ಕಡಿಮೆಯೋ ಅವರದೇ ಗೆಲುವು. ಒಂದು ತಂಡದವರು 10, 20, 30, 40 ಮತ್ತು 150ನೆಯ ಸ್ಥಾನಗಳಲ್ಲಿ ಬಂದರೆ ಮೊತ್ತ 250. ಇನ್ನೊಂದು ತಂಡದವರು 45ರಿಂದ 49ರವರೆಗಿನ ಸ್ಥಾನಗಳಲ್ಲಿ ಒಟ್ಟಾಗಿ ಬಂದರೆ ಮೊತ್ತ 235. ಮೊದಲ ಹತ್ತರಲ್ಲಿ ಒಬ್ಬನನ್ನು ಪಡೆದ ತಂಡ ಸೋಲುತ್ತದೆ. ಹೆಗಲಿಗೆ ಹೆಗಲು ಕೊಟ್ಟು ಬಂದ ತಂಡ ಗೆಲ್ಲುತ್ತದೆ. ಆರನೆಯವನೂ ಏಳನೆಯವನೂ ಮೊತ್ತಕ್ಕೆ ಸೇರದಿದ್ದರೂ, ಎದುರು ತಂಡದ ಐದನೆಯವನಿಗಿಂತ ಮುಂದೆ ಬಂದರೆ ಅವನ ಸ್ಥಾನವನ್ನು ಹಿಂದಕ್ಕೆ ನೂಕುತ್ತಾರೆ.

ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದ ಹುಡುಗನಿಗೆ ಇದು ಹೊಸ ಪಾಠ. ರಾಷ್ಟ್ರೀಯ ಸ್ಪರ್ಧೆಯಲ್ಲಿ 31 ತಂಡಗಳೂ ಬಿಡಿಯಾಗಿ ಅರ್ಹತೆ ಪಡೆದ 38 ಮಂದಿಯೂ ಸೇರಿ ಸುಮಾರು 255 ಓಟಗಾರರು ಏಕಕಾಲಕ್ಕೆ ಹೊರಡುತ್ತಾರೆ. ಅಲ್ಲಿರುವ ಪ್ರತಿಯೊಬ್ಬನೂ ತನ್ನ ಶಾಲೆಯ ಹುಲಿಯೇ. ಆ ಗುಂಪಿನಲ್ಲಿ ಹೊಸಬನು ಹಳೆಯ ಅಭ್ಯಾಸದಂತೆ ಮುಂದೆ ನುಗ್ಗುತ್ತಾನೆ. ಮೊದಲ ಕಿಲೋಮೀಟರನ್ನು 5 ಕಿಲೋಮೀಟರಿನ ವೇಗದಲ್ಲಿ ಕಳೆಯುತ್ತಾನೆ. ಆದರೆ ಮುಂದಿರುವುದು ಅದರ ಒಂದೂವರೆ ಪಟ್ಟಿಗಿಂತ ಹೆಚ್ಚಿನ ದಾರಿ. ಐದಾರನೆಯ ಕಿಲೋಮೀಟರಿನಲ್ಲಿ ಕಾಲು ಕಬ್ಬಿಣವಾಗುತ್ತದೆ. ಹಿಂದಿನಿಂದ ಬಂದವರು ಸಾಲುಸಾಲಾಗಿ ದಾಟಿ ಹೋಗುತ್ತಾರೆ. ಮೊದಲ ಅರ್ಧವನ್ನು ತಾಳ್ಮೆಯಿಂದ ಓಡಿ, ಎರಡನೆಯ ಅರ್ಧದಲ್ಲಿ ಒಬ್ಬೊಬ್ಬರನ್ನೇ ದಾಟುವುದನ್ನು ಕಲಿಯುವುದೇ ಮೊದಲ ವರ್ಷದ ಸ್ಪರ್ಧೆಗಳ ನಿಜವಾದ ಲಾಭ.

ಉಸಿರು ಬೇಗ, ಎಲುಬು ನಿಧಾನ

ಅಭ್ಯಾಸದ ಪ್ರಮಾಣವೂ ಬೆಳೆಯುತ್ತದೆ. ಶಾಲೆಯಲ್ಲಿ ವಾರಕ್ಕೆ 60, 70 ಕಿಲೋಮೀಟರು ಓಡುತ್ತಿದ್ದವನು, ವಾರಕ್ಕೆ 110, 120 ಕಿಲೋಮೀಟರು ಓಡುವ ಹಿರಿಯ ಸಹಪಾಠಿಗಳ ನಡುವೆ ಬಂದು ನಿಲ್ಲುತ್ತಾನೆ. ಅವರೊಂದಿಗೆ ಸರಿಸಮನಾಗಿ ಓಡಬೇಕೆಂಬ ಆಸೆ ಸಹಜ. ಅಪಾಯವಿರುವುದು ಇಲ್ಲಿಯೇ.

ದೇಹದ ಅಂಗಗಳೆಲ್ಲ ಒಂದೇ ವೇಗದಲ್ಲಿ ಬಲಗೊಳ್ಳುವುದಿಲ್ಲ. ಹೃದಯ, ರಕ್ತ, ಉಸಿರಾಟ ಇವು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೆಚ್ಚಿನ ಹೊರೆ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಅಂಶವನ್ನು ತಾನೇ ಕರಗಿಸುತ್ತದೆ. ಆ ಮೇಲೆ ಹೊಸದನ್ನು ಕಟ್ಟುತ್ತದೆ. ಕರಗುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಈ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಉಸಿರು "ಇನ್ನೂ ಓಡಬಲ್ಲೆ" ಎನ್ನುತ್ತದೆ, ಎಲುಬು "ತಡೆ" ಎನ್ನುತ್ತದೆ. ಹುಡುಗನಿಗೆ ಕೇಳಿಸುವುದು ಉಸಿರಿನ ಮಾತು ಮಾತ್ರ. ಹೀಗಾಗಿ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಅಥವಾ ಪಾದದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚುವ ನೋವು ಇದರ ಲಕ್ಷಣ. ಅದನ್ನು ಮುಚ್ಚಿಟ್ಟು ಓಡಿದರೆ ವಾರಗಳಲ್ಲಿ ಮಾಯಬೇಕಾದುದು ತಿಂಗಳುಗಟ್ಟಲೆ ಎಳೆಯುತ್ತದೆ.

ಈ ವಿಷಯದಲ್ಲಿ ಓರೆಗಾನ್ ವಿಶ್ವವಿದ್ಯಾಲಯದ ತರಬೇತುದಾರರಾಗಿದ್ದ ಬಿಲ್ ಬೋವರ್‌ಮನ್ ಅವರ ಹೆಸರನ್ನು ಸ್ಮರಿಸಲೇಬೇಕು. ಪ್ರತಿದಿನವೂ ದೇಹವನ್ನು ದಂಡಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಅವರು ಬೇರೊಂದು ದಾರಿ ಹಿಡಿದರು. ಒಂದು ದಿನ ಕಠಿಣ ಅಭ್ಯಾಸ. ಮರುದಿನ, ಬೇಕಾದರೆ ಅದರ ಮರುದಿನವೂ, ಹಗುರವಾದ ಓಟ. ಶ್ರಮವು ದೇಹವನ್ನು ಕೆಡವುತ್ತದೆ, ವಿಶ್ರಾಂತಿಯು ಕಟ್ಟುತ್ತದೆ. ಎರಡೂ ಸೇರಿದಾಗಲೇ ಬಲ ಎಂಬುದು ಅವರ ಪದ್ಧತಿಯ ಸಾರ. ಇಂದು ಜಗತ್ತಿನ ಬಹುತೇಕ ದೂರದ ಓಟಗಾರರು ಅನುಸರಿಸುವ ಕ್ರಮವಿದು. ನಮ್ಮ ರೈತನೂ ಇದನ್ನು ಬಲ್ಲ. ಎತ್ತುಗಳಿಗೆ ದಣಿವಾರಿಸದೆ ದಿನವೂ ಉಳುವ ಒಕ್ಕಲಿಗನ ಹೊಲ ಒಂದು ವರ್ಷ ಬೆಳೆದೀತು, ಎರಡನೆಯ ವರ್ಷ ಎತ್ತೇ ಇರುವುದಿಲ್ಲ.

ಇದೇ ವಿವೇಕದಿಂದ ಹುಟ್ಟಿದ್ದು 'ರೆಡ್‌ಶರ್ಟ್' ಎಂಬ ಪದ್ಧತಿ. ದಶಕಗಳ ಕಾಲ ಅನೇಕ ತರಬೇತುದಾರರು ಹೊಸಬನನ್ನು ಮೊದಲ ವರ್ಷ ತಂಡದ ಪರವಾಗಿ ಓಡಿಸದೆ, ಅಭ್ಯಾಸಕ್ಕಷ್ಟೇ ಇರಿಸಿಕೊಂಡು, ಅವನ ಸ್ಪರ್ಧೆಯ ವರ್ಷವನ್ನು ಮುಂದಕ್ಕೆ ಉಳಿಸಿಕೊಟ್ಟಿದ್ದಾರೆ. ಮನೆಯವರು ಇದನ್ನು ಅವಮಾನವೆಂದು ತಿಳಿಯುವುದುಂಟು. ಅದು ಅವಮಾನವಲ್ಲ, ಬೀಜಕ್ಕೆ ಮಣ್ಣಿನೊಳಗೆ ಬೇಕಾದ ಸಮಯ.

ಊಟದ ಮಾತು

ನಮ್ಮ ಮನೆಗಳು ಬಹುಪಾಲು ಶಾಕಾಹಾರಿ ಮನೆಗಳಾದುದರಿಂದ ಈ ಭಾಗವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ದೂರದ ಓಟಗಾರನ ದೇಹದಲ್ಲಿ ಕಬ್ಬಿಣಾಂಶ ಬೇಗ ಸವೆಯುತ್ತದೆ. ಬೆವರಿನ ಮೂಲಕ ಸ್ವಲ್ಪ ಹೋಗುತ್ತದೆ; ಪಾದ ನೆಲಕ್ಕೆ ಬಡಿಯುವ ಹೊಡೆತಕ್ಕೆ ಕೆಂಪು ರಕ್ತಕಣಗಳು ಒಡೆಯುವುದರಿಂದ ಸ್ವಲ್ಪ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಮಾಸಿಕ ಸ್ರಾವದ ನಷ್ಟ ಬೇರೆ. ಸೊಪ್ಪು, ಕಾಳುಗಳಲ್ಲಿ ಕಬ್ಬಿಣವಿದ್ದರೂ ಮಾಂಸಾಹಾರದಲ್ಲಿರುವಷ್ಟು ಸುಲಭವಾಗಿ ಅದು ಮೈಗೆ ಹತ್ತುವುದಿಲ್ಲ. ಕಬ್ಬಿಣ ಕುಗ್ಗಿದರೆ ರಕ್ತವು ಪ್ರಾಣವಾಯುವನ್ನು ಹೊರಲಾರದು; ಹುಡುಗ ಕಾರಣ ತಿಳಿಯದೆ ವಾರದಿಂದ ವಾರಕ್ಕೆ ನಿಧಾನವಾಗುತ್ತಾನೆ, ನೋಡುವವರು ಸೋಮಾರಿ ಎನ್ನುತ್ತಾರೆ.

ಇದಕ್ಕೆ ಶಾಕಾಹಾರವನ್ನು ಬಿಡಬೇಕಾದುದಿಲ್ಲ, ತಿಳಿದು ಉಣ್ಣಬೇಕು. ಕಾಳು, ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಊಟದ ಜೊತೆಯಲ್ಲಿ ಚಹಾ, ಕಾಫಿ ಕುಡಿದರೆ ಅದು ತಗ್ಗುತ್ತದೆ. ಅವನ್ನು ಊಟದಿಂದ ದೂರವಿಡಬೇಕು. ಬಿ12 ಜೀವಸತ್ವಕ್ಕೆ ಹಾಲು, ಮೊಸರು ಬೇಕೇ ಬೇಕು. ಓಟದ ಋತು ಮೊದಲಾಗುವ ಮುನ್ನ ರಕ್ತದಲ್ಲಿನ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಎಂಬ ಅಂಶವನ್ನೂ ಪರೀಕ್ಷಿಸಿಕೊಳ್ಳಬೇಕು. ಅದು ದೇಹದ ಕಬ್ಬಿಣದ ಉಗ್ರಾಣವನ್ನು ತೋರಿಸುತ್ತದೆ. ಕಬ್ಬಿಣದ ಮಾತ್ರೆಯನ್ನು ಮಾತ್ರ ವೈದ್ಯರ ಮಾತಿಲ್ಲದೆ ನುಂಗಬಾರದು. ಹೆಚ್ಚಾದ ಕಬ್ಬಿಣವೂ ಕೇಡು ಮಾಡುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಘೋರವಾದುದು. ಹಗುರವಾದರೆ ವೇಗ ಹೆಚ್ಚುವುದೆಂಬ ಭ್ರಮೆಯಿಂದ ಎಳೆಯರು ಊಟ ಕಡಿಮೆ ಮಾಡುತ್ತಾರೆ. ಕೆಲವು ವಾರ ವೇಗ ಹೆಚ್ಚಿದಂತೆಯೂ ತೋರುತ್ತದೆ. ಬಳಿಕ ದೇಹವು ಸಿಕ್ಕಷ್ಟರಲ್ಲಿ ಬದುಕುವುದಕ್ಕಾಗಿ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಋತುಚಕ್ರ ನಿಲ್ಲುತ್ತದೆ. ಎಲುಬು ಸಾಂದ್ರತೆ ಕಳೆದುಕೊಳ್ಳುತ್ತದೆ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಕ್ರೀಡಾಳುಗಳಲ್ಲಿನ ಈ ಶಕ್ತಿಯ ಕೊರತೆಗೆ ಪ್ರತ್ಯೇಕ ಹೆಸರಿಟ್ಟು ಜಗತ್ತಿನ ಗಮನ ಸೆಳೆದರು. ಎಳೆಯ ವಯಸ್ಸಿನಲ್ಲಿ ಕಟ್ಟಿಕೊಳ್ಳದ ಎಲುಬನ್ನು ಮುಂದೆ ಕಟ್ಟಿಕೊಳ್ಳುವುದು ಕಷ್ಟ. ಮಗಳು ಸೊರಗಿದ್ದಾಳೆ, ಎಲ್ಲರೊಡನೆ ಕುಳಿತು ಉಣ್ಣುವುದನ್ನು ತಪ್ಪಿಸುತ್ತಾಳೆ, ತಿಂಗಳ ಲೆಕ್ಕ ತಪ್ಪಿದೆ ಎಂದು ಕಂಡುಬಂದರೆ ತಾಯಿಯಾದವಳು ಸಂಕೋಚ ಬಿಟ್ಟು ಕೇಳಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಯಾವ ಪದಕವೂ ಈ ಬೆಲೆಗೆ ಯೋಗ್ಯವಲ್ಲ.

ಇಬ್ಬರು ಓಟಗಾರರು

ಹಿಂದೊಂದು ಕಾಲದಲ್ಲಿ ಮೊದಲ ವರ್ಷದವರಿಗೆ ಕಾಲೇಜಿನ ಮುಖ್ಯ ತಂಡದಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ಇಳಿಯುವ ಅವಕಾಶವೇ ಇರಲಿಲ್ಲ. 1968ರಲ್ಲಿ ಓಟವೇ ಮೊದಲಾದ ಕ್ರೀಡೆಗಳಲ್ಲಿ ಆ ಬಾಗಿಲು ತೆರೆಯಿತು. ಮರುವರ್ಷವೇ ಓರೆಗಾನ್ ವಿಶ್ವವಿದ್ಯಾಲಯಕ್ಕೆ ಬಂದವನು ಕೂಸ್ ಬೇ ಎಂಬ ಸಣ್ಣ ಊರಿನ ಸ್ಟೀವ್ ಪ್ರಿಫೊಂಟೇನ್. ಶಾಲೆಯಲ್ಲಿದ್ದಾಗಲೇ 2 ಮೈಲಿ ಓಟದಲ್ಲಿ ರಾಷ್ಟ್ರೀಯ ಶಾಲಾ ದಾಖಲೆ ಮಾಡಿದ್ದ ಆತ 1969ರ ರಾಷ್ಟ್ರೀಯ ಗುಡ್ಡಗಾಡು ಓಟದಲ್ಲಿ ಮೂರನೆಯವನಾದನು. 1970ರಲ್ಲಿ ಪಾದಕ್ಕೆ ಹೊಲಿಗೆ ಹಾಕಿಸಿಕೊಂಡಿದ್ದರೂ 3 ಮೈಲಿ ಓಟವನ್ನು ಗೆದ್ದನು. 24ನೆಯ ವಯಸ್ಸಿನಲ್ಲಿ, 1975ರಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡ ಈ ತರುಣನನ್ನು ಅಮೆರಿಕದ ಓಟಗಾರರು ಇಂದಿಗೂ ಮರೆತಿಲ್ಲ. ಅವನ ಧೈರ್ಯ ಮೆಚ್ಚತಕ್ಕದ್ದು. ಆದರೆ ಪ್ರತಿಯೊಬ್ಬ ಹೊಸಬನೂ ಗಾಯದ ಕಾಲಿನಲ್ಲಿ ಓಡಬೇಕೆಂದು ಇದರಿಂದ ತಿಳಿಯಬಾರದು. ಆತನಿಗೆ ಸಾವಿರಕ್ಕೊಬ್ಬರಿಗೆ ಬರುವ ಶಕ್ತಿಯಿತ್ತು. ಹಿಂದೆ ಕಠಿಣ ದಿನಕ್ಕೊಂದು ಹಗುರ ದಿನವೆಂದು ತಡೆಯುವ ಬೋವರ್‌ಮನ್ ಅವರಂಥ ಹಿರಿಯರಿದ್ದರು.

ಇನ್ನೊಬ್ಬನು ಕೀನ್ಯಾ ದೇಶದ ಹೆನ್ರಿ ರೋನೋ. ಮನೆ, ಭಾಷೆ, ಊಟ ಎಲ್ಲವನ್ನೂ ಬಿಟ್ಟು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಆತ 1976ರಲ್ಲಿ, ಮೊದಲ ವರ್ಷದಲ್ಲಿಯೇ, ರಾಷ್ಟ್ರೀಯ ಗುಡ್ಡಗಾಡು ಓಟವನ್ನು ಗೆದ್ದನು. 1978ರಲ್ಲಿ 81 ದಿನಗಳ ಅವಧಿಯಲ್ಲಿ ನಾಲ್ಕು ವಿಶ್ವದಾಖಲೆಗಳನ್ನು ಸ್ಥಾಪಿಸಿ ಜಗತ್ತನ್ನು ಬೆರಗುಗೊಳಿಸಿದನು. ಅಂಥವನೂ ಮುಂದೆ ಮದ್ಯದ ಚಟಕ್ಕೆ ಸಿಲುಕಿ ಗಳಿಸಿದ್ದನ್ನೆಲ್ಲ ಕಳೆದುಕೊಂಡನು. ಬಹುಕಾಲದ ಮೇಲೆ ಅದರಿಂದ ಹೊರಬಂದು ಎಳೆಯರಿಗೆ ಓಟ ಕಲಿಸಿದನು. 2024ರಲ್ಲಿ ಆತ ಕಾಲವಾದನು. ಕಾಲಿಗೆ ತರಬೇತಿ ಕೊಡುವವರು ಸಿಗುತ್ತಾರೆ. ದೂರದೂರಿನಲ್ಲಿ ಮನಸ್ಸಿಗೆ ಆಸರೆಯಾಗುವವರನ್ನು ಹುಡುಕಿಕೊಳ್ಳಬೇಕಾಗುತ್ತದೆ ಎಂಬುದನ್ನು ಈ ಜೀವನ ಹೇಳುತ್ತದೆ.

ಹಿರಿಯರ ಪಾಲು

ಹಳ್ಳಿಯ ಮನೆಯಿಂದ ಪಟ್ಟಣದ ಪ್ರಸಾದ ನಿಲಯಕ್ಕೆ ಬಂದ ಮಗು ಮೊದಲ ವರ್ಷ ಹೇಗೆ ಬಳಲುವುದೆಂದು ನಮ್ಮ ಹಿರಿಯರು ಬಲ್ಲರು. ಓಟಗಾರನ ಬಳಲಿಕೆಯೂ ಅದೇ ಬಗೆಯದು. "ಎಷ್ಟನೆಯವನಾಗಿ ಬಂದೆ?" ಎಂಬುದೇ ಮನೆಯಿಂದ ಬರುವ ಮೊದಲ ಪ್ರಶ್ನೆಯಾದರೆ, ಅವನು ನೋವನ್ನೂ ಸೋಲನ್ನೂ ಮುಚ್ಚಿಡಲು ಕಲಿಯುತ್ತಾನೆ. "ಊಟ ಮಾಡಿದೆಯಾ? ರಾತ್ರಿ ಎಷ್ಟು ಹೊತ್ತು ಮಲಗಿದೆ? ಕಾಲು ಹೇಗಿದೆ?" ಎಂಬ ಪ್ರಶ್ನೆಗಳು ಮೊದಲು ಬರಲಿ. ಈ ವಯಸ್ಸಿನಲ್ಲಿ, ಈ ಶ್ರಮಕ್ಕೆ ಎಂಟು ಒಂಬತ್ತು ಗಂಟೆಗಳ ನಿದ್ರೆ ಅವಶ್ಯ; ವಿದ್ಯಾರ್ಥಿ ನಿಲಯದ ರಾತ್ರಿಗಳು ಮೊದಲು ಕಸಿಯುವುದು ಅದನ್ನೇ.

ಎಳೆಯ ಮಿತ್ರರಿಗೆ ನಾವು ಹೇಳುವುದಿಷ್ಟೆ. ಮೊದಲ ವರ್ಷವನ್ನು ಸ್ಥಾನಗಳಿಂದ ಅಳೆಯಬೇಡಿ. ಎಷ್ಟು ವಾರ ತಪ್ಪದೆ ಓಡಿದಿರಿ, ಎಷ್ಟು ಸಲ ನೋವನ್ನು ಮೊದಲ ದಿನವೇ ತರಬೇತುದಾರರಿಗೆ ತಿಳಿಸಿದಿರಿ, ಪರೀಕ್ಷೆಗಳನ್ನು ಹೇಗೆ ದಾಟಿದಿರಿ ಎಂಬುದರಿಂದ ಅಳೆಯಿರಿ. ಹನಿ ಹನಿ ಕೂಡಿದರೆ ಹಳ್ಳ. ನಾಲ್ಕು ವರ್ಷದ ದಾರಿಯಲ್ಲಿ ಮೊದಲ ವರ್ಷ ಮೊದಲ ಕಿಲೋಮೀಟರು ಮಾತ್ರ. ಅದನ್ನು ಸಮಾಧಾನದಿಂದ ಓಡಿದವರಿಗೆ ಕೊನೆಯ ಕಿಲೋಮೀಟರಿನಲ್ಲಿ ಉಸಿರು ಉಳಿದಿರುತ್ತದೆ. ಓಡುವ ಮಕ್ಕಳೆಲ್ಲರಿಗೂ ಆರೋಗ್ಯವಿರಲಿ, ಅವರ ಬೆನ್ನಿಗೆ ಮನೆಯವರ ತಾಳ್ಮೆ ಇರಲಿ ಎಂದು ಹಾರೈಸುತ್ತೇವೆ.